ಪಲ್ಲವಿಯ ಅಂಜಿಕೆ ಇಳಿಸಿದ ನೀರು

ನನ್ನ ಮೊಮ್ಮಗಳು ಪಲ್ಲವಿಯನ್ನು ಅವಳ ಆಫೀಸಿನಲ್ಲಿ ಹೊಸಬರಿಗೆ ಕಲಿಸುವ ಟೀಚರ್ ಮಾಡಿದ್ದಾರೆ! ಇವತ್ತು ಮಧ್ಯಾಹ್ನ ಅವಳೇ ಫೋನ್ ಮಾಡಿ ಹೇಳಿದಳು. ಕೇಳಿದವಳೇ ಕೈಗೆ ಹತ್ತಿದ ಹಿಟ್ಟಿನ ಸಮೇತ ಹೊರಗೆ ಓಡಿ, ನಾಗಪುರದ ಪ್ರತಾಪ ನಗರದ ನಮ್ಮ ಓಣಿಗೆಲ್ಲ ಹೇಳಿ ಬಂದೆ. ಎದುರುಮನೆಯವರಿಗೆ ಎರಡು ಸಲ ಹೇಳಿದೆನಂತೆ. ಹೇಳಿದರೆ ಏನಾಯಿತು? ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ಇನ್ನು ಮೇಲೆ ಕಾಲೇಜು ಕಲಿತವರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ!

ಕುಣಿಯುತ್ತ ಒಳಗೆ ಬಂದರೆ ಯಜಮಾನರು ಮಂಚದ ಮೇಲೆ ಗೋಡೆಗೆ ಒತ್ತಿಕೊಂಡು ಕುಳಿತಿದ್ದರು. ನಾನು ಇಲ್ಲದ ಅಷ್ಟು ಹೊತ್ತು ಹಾಗೆಯೇ ಕುಳಿತಿದ್ದರು. ಇಷ್ಟು ನಗುವುದು ನನಗೆ ಸಲ್ಲುತ್ತದೆಯೇ ಅನಿಸಿಬಿಟ್ಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟಿದ್ದು. ಇಂಥದ್ದನ್ನೆಲ್ಲ ನಾನೂ ನಂಬಿದವಳಲ್ಲ. ನಮ್ಮ ಅತ್ತೆ ಮಕ್ಕಳಿಗೆ ಅಂಜಿಕೆ ಇಳಿಸುವಾಗ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ನಮ್ಮ ಗದಗಿನ ಕಡೆ ಅಂಜಿಕೆ ಇಳಿಸುವುದೆಂದರೆ ಹೀಗೆ. ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಬೇಕು. ಅಂಜಿದವರು ತಮಗೆ ಏನಾಗಿದೆ ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅವರು ಹೇಳಿದ ಮಾತಿನಿಂದಲೇ ಅಂಜಿಕೆಯನ್ನು ಕರೆದು, ಸೌಟನ್ನು ತಂಬಿಗೆಯ ನೀರಿನಲ್ಲಿ ಚುಂಯ್ ಎಂದು ಅದ್ದಬೇಕು. ಆ ನೀರನ್ನು ಅವರಿಗೆ ಮೂರು ಗುಟುಕು ಕುಡಿಸಿ, ಉಳಿದದ್ದನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು. ಇಷ್ಟೇ.

ಹೋದ ವರ್ಷದ ಹಿಂದಿನ ವರ್ಷದ ಬೇಸಿಗೆ. ಪಲ್ಲವಿ ಆಗ ಈ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದಳು. ಬ್ರಿಟನ್ನಿನಲ್ಲಿ ಒಬ್ಬೊಬ್ಬರೇ ಇರುವ ಮುದುಕ ಮುದುಕಿಯರು ಕೊರಳಲ್ಲಿ ಒಂದು ಗುಂಡಿ ಹಾಕಿಕೊಂಡಿರುತ್ತಾರಂತೆ. ಬಿದ್ದರೆ, ಎದೆ ನೋವು ಬಂದರೆ ಅದನ್ನು ಒತ್ತುತ್ತಾರೆ. ಫೋನ್ ಇಲ್ಲಿ ನಾಗಪುರದಲ್ಲಿ ಕುಳಿತ ಹುಡುಗಿಯರಿಗೆ ಬರುತ್ತದೆ. ಗಾಬರಿಯಾದ ಮುದುಕರು ಪುಸ್ತಕದ ಇಂಗ್ಲಿಷ್ ಮಾತಾಡುತ್ತಾರೆಯೇ? ತಮ್ಮ ತಮ್ಮ ಸೀಮೆಯ ಮಾತು ಆಡುತ್ತಾರೆ. ಆದ್ದರಿಂದ ಯಾವ ಸೀಮೆಯವರು ಅಂಜಿದಾಗ ಏನನ್ನುತ್ತಾರೆ ಎಂದು ಇವರಿಗೆ ಮೊದಲು ಕಲಿಸುತ್ತಾರೆ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರೆ ಅವಳು ಬಾಯಿಪಾಠ ಮಾಡುತ್ತಿದ್ದಳು.

"ಇಂಗ್ಲೆಂಡಿನ ನಡುವಿನ ಸೀಮಿಯವರು ಅಂಜಿದ್ರ 'ಫ್ರಿಟ್' ಅಂತಾರ, ಅಜ್ಜಿ. ಸ್ಕಾಟ್ಲೆಂಡಿನವರು 'ಫಿಯರ್ಟ್'. ಇನ್ನ ಕೆಲವರು 'ಬ್ರಿಕಿಂಗ್ ಇಟ್' ಅಂತಾರ. ಬ್ರಿಕ್ ಅಂದ್ರ ಇಟ್ಟಂಗಿ."

"ಅಂಜಿದವರು ಇಟ್ಟಂಗಿ ಹಾಕ್ತಾರೇನ? ಚಲೋ ಆತಲ್ಲ, ಮನಿ ಕಟ್ಟೋರಿಗೆ ಖರ್ಚು ಉಳೀತು!"

ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಹೊಟ್ಟೆಯಲ್ಲಿ ಕಲಸಿದಂತಾದರೆ 'ಕಾಲಿವಾಬಲ್ಸ್' ಅಂತೆ. ಅವಳು ಒಂದು ಹೇಳಿದರೆ ನಾನು ನಮ್ಮದೊಂದು ಕೊಡುತ್ತಿದ್ದೆ. ಎದಿ ಧಸಕ್ಕಂತು, ಕೈಕಾಲಾಗಿನ ಜೀವ ಹೋತು, ಜೀವ ಬಾಯಿಗೆ ಬಂತು.

ಮಾತೆಲ್ಲ ಕಲಿತಳು, ಆದರೆ ಪರೀಕ್ಷೆಯ ದಿನ ಕಿವಿಗೆ ಫೋನ್ ಹಾಕಿಕೊಂಡ ಕೂಡಲೇ ಅಂಜಿ ಅದನ್ನು ತೆಗೆದಿಟ್ಟು ಎದ್ದುಬಂದಳು. ಫೇಲಾದಳು. ಇನ್ನೊಂದೇ ಸಲ ಅವಕಾಶ ಅಂದರು. ಅದರ ಹಿಂದಿನ ದಿನ ಮಗು ಊಟ ಬಿಟ್ಟು ಕುಳಿತಿತ್ತು. ನಾಗಪುರದ ಬಿಸಿಲಿನಲ್ಲಿ ಅವಳ ಕೈ ಮುಟ್ಟಿದರೆ ಮಂಜಿನ ಹಾಗೆ. ಅವಳನ್ನು ನಗಿಸೋಣ ಎಂದೇ ನಾನು ಸೌಟು ಕಾಯಿಸಿದ್ದು, ದೇವರಾಣೆ.

ನನ್ನ ಸೊಸೆ, ಪಲ್ಲವಿಯ ಅವ್ವ, ಇಲ್ಲಿಯ ಮರಾಠಿಯವಳು. "ಅತ್ತಿ, ಇಂಗ್ಲಿಷ್ ಅಂಜಿಕಿಗೆ ನಿಮ್ಮ ಸೌಟು ಚಾಲ್ತೋ ಕಾ, ನಡೀತದೇನ?" ಎಂದು ಕಿಚಾಯಿಸಿದಳು.

"ಸೌಟಿಗೆ ಎಲ್ಲಾ ಅಂಜಿಕಿನೂ ಒಂದ, ಸುಮ್ಮನಿರು" ಅಂದೆ. ಪಲ್ಲವಿಗೆ, "ಏನಾಗ್ಯದ ನಿನಗ, ಬಾಯಿ ಬಿಟ್ಟು ಹೇಳು" ಅಂದೆ. ಅವಳು ಅಳುತ್ತ ನಗುತ್ತ, "ಫ್ರಿಟ್ ಆಗೇನಿ ಅಜ್ಜಿ, ಫ್ರಿಟ್" ಅಂದಳು. "ಏ ಫ್ರಿಟ್ಟವ್ವಾ, ನನ್ನ ಕೂಸಿನ ಬಿಟ್ಟು ನೀರಿಗಿಳಿ" ಎಂದು ಕರೆದು ಸೌಟು ಅದ್ದಿದೆ. ಅವಳು ಮೂರು ಗುಟುಕು ಕುಡಿದಳು. ಆಮೇಲೆ ರೊಟ್ಟಿ ಕೇಳಿದಳು.

ಉಳಿದ ನೀರನ್ನು ಓಣಿಯ ತುದಿಯ ಬೇವಿನ ಬುಡಕ್ಕೆ ಚೆಲ್ಲಬೇಕಿತ್ತು. ಹೊರಗೆ ಡಾಂಬರು ಕರಗುವ ಬಿಸಿಲು. ಆಟಕ್ಕೆ ಮಾಡಿದ್ದಲ್ಲವೇ, ಈಗಿಂದೀಗ ಆರುತ್ತದೆ ಎಂದು ಬಾಗಿಲ ಮೆಟ್ಟಿಲ ಮೇಲೆಯೇ ಸುರಿದೆ.

ಅದು ಆರುವ ಮೊದಲೇ ಯಜಮಾನರು ಬಂದರು. ಖಾಪರಖೇಡಾದ ವಿದ್ಯುತ್ ಸ್ಥಾವರದಿಂದ ನಿವೃತ್ತರಾದ ಮೇಲೆ ಅವರು ದಿನಾಲೂ ಮಗನ ಜೊತೆ ಕಳಮನಾದ ಮೆಣಸಿನಕಾಯಿ ಪೇಟೆಗೆ ಹೋಗುತ್ತಿದ್ದರು. ಆವತ್ತು ಜಲ್ದಿ ಬಂದಿದ್ದರು. ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲು ಮೆಟ್ಟಿಲ ಮೇಲೆ ಇಟ್ಟು, "ಆಹಾ, ಯಾರವ್ವಾ ನೀರು ಹಾಕಿದಾಕಿ? ಕಾಲಿಗೆ ತಂಪಾತು" ಅಂದರು. ನನಗೆ ಆಗ ಏನೂ ಅನಿಸಲಿಲ್ಲ. ಅವರು ಹಾಗೆಯೇ ಸ್ವಲ್ಪ ಹೊತ್ತು ನಿಂತು ಒಳಗೆ ಬಂದರು.

ದೀಪ ಹಚ್ಚುವ ಹೊತ್ತಿಗೆ ನೋಡಿದರೆ ತಿರುಗಾಡಲು ಹೋಗಿರಲಿಲ್ಲ. ಕಾಲು ಮೇಲೆತ್ತಿಕೊಂಡು ಮಂಚದ ಮೂಲೆಯಲ್ಲಿ ಕುಳಿತಿದ್ದರು. ಹತ್ತಿರ ಹೋದರೆ ನನ್ನ ಮುಂಗೈ ಹಿಡಿದರು.

"ಏನಾತ್ರಿ?"

"ಗೊತ್ತಾಗವಲ್ದು. ಫ್ರಿಟ್ ಅನಸಾಕತ್ತೈತಿ."

ಹಂಗಂದ್ರ ಏನ್ರಿ ಎಂದು ಕೇಳಿದರೆ, "ನನಗೇನ ಗೊತ್ತು, ಬಾಯಿಗೆ ಬಂತು" ಅಂದರು. ಆ ಮನುಷ್ಯ ಬಾಯ್ಲರಿನ ತುದಿಗೆ ಹತ್ತಿ ನಿಂತವರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಅಂಜಿಕೆ ಎಂಬ ಮಾತನ್ನು ಕನ್ನಡದಲ್ಲೂ ನಾನು ಕೇಳಿರಲಿಲ್ಲ.

ಮರುದಿನ ಪಲ್ಲವಿ ಪಾಸಾದಳು. ಅಂದಿನಿಂದ ಅವಳ ದನಿಯಲ್ಲಿ ಒಂದು ಎಳೆ ನಡುಕವಿಲ್ಲ. ಬಿದ್ದ ಮುದುಕಿಯರು ಅವಳ ಮಾತು ಕೇಳಿದರೆ ಅಳು ನಿಲ್ಲಿಸುತ್ತಾರಂತೆ. ಅಂದಿನಿಂದಲೇ ಯಜಮಾನರು ಒಬ್ಬರೇ ಹೊಸ್ತಿಲು ದಾಟಿಲ್ಲ. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು. ವಯಸ್ಸಿಗೆ ಹೀಗಾಗುತ್ತದೆ ಅಂದರು.

ನಡೆದದ್ದನ್ನು ಮನೆಯವರಿಗೆಲ್ಲ ನಾನು ಆವತ್ತೇ ಹೇಳಿದೆ. "ನಿಮ್ಮಿಬ್ಬರ ಬಾಯಿಪಾಠ ಅಪ್ಪನ ಕಿವಿಗೆ ಯಾವಾಗರೆ ಬಿದ್ದಿರಬೇಕು, ಅವ್ವಾ. ಕಿವಿ ಮಂದ ಐತಿ, ಬಂದ್ ಆಗಿಲ್ಲ" ಅನ್ನುತ್ತಾನೆ ಮಗ. ಇರಬಹುದು. ಆದರೆ ನಾವು ಆ ಆಟ ಆಡುತ್ತಿದ್ದದ್ದು ಅವರು ಕಳಮನಾದಲ್ಲಿದ್ದಾಗ. ಬಿದ್ದರೂ, ಅಷ್ಟೊಂದು ಮಾತಿನಲ್ಲಿ ನಾನು ಕರೆದ ಅದೊಂದೇ ಮಾತು ಯಾಕೆ ಬಾಯಿಗೆ ಬಂತು?

ಅವರದನ್ನೂ ಇಳಿಸಬಹುದಲ್ಲ ಎಂದು ನೀವು ಕೇಳಬಹುದು. ಒಂದು ಸಲ ಸೌಟು ಕಾಯಿಸಿಕೊಂಡು ಹೋದೆ. ಅವರು ಅದನ್ನು ನೋಡಿ, "ನನ್ನಿಂದ ತಗದು ಯಾರಿಗೆ ಹಾಕ್ತಿ?" ಅಂದರು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಕೇಳಿದರು. ಬೇವಿನ ಬುಡದಲ್ಲಿಯೂ ನಾಯಿ ಮಲಗುತ್ತದೆ, ಮಕ್ಕಳು ಆಡುತ್ತವೆ. ಸೌಟನ್ನು ಹಾಗೆಯೇ ವಾಪಸ್ ತಂದೆ. ಪಲ್ಲವಿಗೆ ಸಂಬಳ ಹೆಚ್ಚಾದಾಗ ನಕ್ಕೆ, ಇವತ್ತೂ ನಕ್ಕೆ. ನಕ್ಕಾಗಲೆಲ್ಲ ಅವರ ಕಡೆ ನೋಡಲು ನನಗೆ ಆಗುವುದಿಲ್ಲ.

ಸಂಜೆ ಪಲ್ಲವಿ ಪೇಢೆ ಹಿಡಿದುಕೊಂಡು ಬಂದಳು. ಸೊಸೆ ಪುರಣಪೋಳಿ ಮಾಡಿದ್ದಳು, ನಾನು ಎಣ್ಣೆಗಾಯಿ ಮಾಡಿದ್ದೆ. ನಡುಮನೆಯಲ್ಲಿ ಎಲ್ಲರೂ ದುಂಡಗೆ ಕುಳಿತೆವು. "ಮೊದಲನೇ ಪಾಠ ಏನ ಕಲಿಸ್ತಿ, ಮಗಳ?" ಎಂದು ಮಗ ಕೇಳಿದ. ಅವಳು ಹೇಳಲು ಹೋಗಿ, ಅಜ್ಜನನ್ನು ನೋಡಿ, "ನಮಸ್ಕಾರ ಹೇಳೋದು" ಅಂದಳು.

ಯಜಮಾನರು ತುತ್ತು ಎತ್ತಲಿಲ್ಲ. "ಬಾಗಿಲಿಗೆ ಬೆನ್ನು ಮಾಡಿ ಯಾರೂ ಕೂಡಬ್ಯಾಡ್ರಿ" ಅಂದರು. ಯಾರೂ ನಗಲಿಲ್ಲ. ಎಲ್ಲರೂ ತಾಟು ಹಿಡಿದು ಸರಿದರು. ಎಷ್ಟು ಸರಿದರೂ ಒಬ್ಬರಿಗೆ ಜಾಗ ಸಾಲಲಿಲ್ಲ. ಪಲ್ಲವಿ ಏಳಲು ಹೋದಳು, ನಾನು ಅವಳ ಭುಜ ಒತ್ತಿ ಕೂರಿಸಿದೆ. ಬಾಗಿಲಿಗೆ ಬೆನ್ನು ಮಾಡಿ, ಅವರ ಎದುರಿಗೆ ನಾನು ಕುಳಿತೆ. ಅವರು ನನ್ನ ಹೆಗಲ ಮೇಲಿಂದ ಆಚೆಗೆ ಬಹಳ ಹೊತ್ತು ನೋಡಿದರು. ಆಮೇಲೆ ಹೋಳಿಗೆ ಮುರಿದರು, ನಾವೆಲ್ಲರೂ ಉಂಡೆವು.