ಅತ್ತಿಗೆ ಒತ್ತದ ಕೀ

ಸುತ್ತಲಿನ ಅಂಗಡಿಯವರೆಲ್ಲ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಕೆಟ್ಟ ಕಂಪ್ಯೂಟರಿನ ಮುಂದೆ ಕೂತರೆ ಅದನ್ನು ಎಬ್ಬಿಸದೆ ತಾನು ಏಳುತ್ತಿರಲಿಲ್ಲ, ಅದು ನಿಜ. ಆದರೆ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: "ಏನು ಒತ್ತಿದ್ರಿ?" ಯಂತ್ರ ತಪ್ಪು ಮಾಡುವುದಿಲ್ಲ, ಮುಟ್ಟಿದವರು ಮಾಡುತ್ತಾರೆ ಎಂಬುದು ಅವನ ವೇದವಾಕ್ಯ.

ಅಣ್ಣನ ಮುದ್ರಣಾಲಯದಲ್ಲಿ ಅತ್ತಿಗೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದವನೂ ಅವನೇ. ಹಿಂದಿನ ಕೋಣೆಯಲ್ಲಿ ಹಾಳೆ ಮಡಚಿ, ಅಂಟು ಹಚ್ಚಿ ಬೆರಳು ಸವೆಸಿದ್ದ ಅವಳು ತಲೆ ನರೆಯುವ ಹೊತ್ತಿಗೆ ಟೈಪಿಂಗ್ ಕಲಿತಳು. ಅಣ್ಣ ನಕ್ಕಿದ್ದ. ಅವಳು ಹಲ್ಲು ಕಚ್ಚಿ ಕಲಿತು ಕಿಟಕಿ ಪಕ್ಕದ ಕುರ್ಚಿಯನ್ನು ತನ್ನದಾಗಿಸಿಕೊಂಡಳು. ಕರಡು ತಿದ್ದಲು ಬಂದವರು ಈಗ ಅಣ್ಣನನ್ನು ಬಿಟ್ಟು ಅವಳನ್ನೇ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಆ ಕಂಪ್ಯೂಟರ್ ಗಾಣದೆತ್ತಿನಂತೆ ಸುತ್ತತೊಡಗಿತು. ಆನ್ ಆಗುತ್ತದೆ, ಪರದೆ ಬೆಳಗುತ್ತದೆ, ಕೈಯಿಡುವಷ್ಟರಲ್ಲಿ ತಾನೇ ಆರಿ ಮತ್ತೆ ಆನ್ ಆಗುತ್ತದೆ. ಶಾಲೆಯೊಂದರ ಪುಸ್ತಕ ಅಂದೇ ಅಚ್ಚಿಗೆ ಹೋಗಬೇಕಿತ್ತು. ಅಲ್ಲಿಯ ಮೇಷ್ಟ್ರು ಬಂದು ಕೂತಿದ್ದರು. ಡಾಕ್ಟರ್ ಬಂದವನೇ ಮಾಮೂಲಿ ಪ್ರಶ್ನೆ ಎಸೆದ. ತಾನೇನೂ ಒತ್ತಿಲ್ಲ, ಅದೇ ಆರಿ ಅದೇ ಹೊತ್ತಿಕೊಳ್ಳುತ್ತಿದೆ ಎಂದಳು ಅತ್ತಿಗೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಅವನು, ಮೇಷ್ಟ್ರ ಕಡೆ ನೋಡಿ ನಗುತ್ತ.

ಮೇಷ್ಟ್ರೂ ನಕ್ಕರು. ಅಣ್ಣನಿಗೆ ಅಷ್ಟೇ ಸಾಕಾಯಿತು. ಇನ್ನು ಮೇಲೆ ನೀನು ಅಂಟಿನ ಡಬ್ಬಿ ನೋಡಿಕೊ, ಇದಕ್ಕೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದುಬಿಟ್ಟ. ಅತ್ತಿಗೆ ಎದ್ದು ಹಿಂದಿನ ಕೋಣೆಗೆ ಹೋದಳು.

ಡಾಕ್ಟರ್ ಯಂತ್ರವನ್ನು ತಾನಾಗಿ ಏನೂ ಓಡದ ಸೇಫ್ ಮೋಡಿನಲ್ಲಿ ಎಬ್ಬಿಸಿ, ಆನ್ ಆದೊಡನೆ ಓಡುವ ಸ್ಕ್ರಿಪ್ಟನ್ನು, ಅಂದರೆ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳ ಪಟ್ಟಿಯನ್ನು ತೆರೆದ. ಅದರಲ್ಲಿದ್ದದ್ದು ಇಷ್ಟೇ: ಕೆಲಸದ ನಕಲು ಇಡುವ ಎರಡನೇ ಡಿಸ್ಕ್ ಇದೆಯೇ ನೋಡು. ಇಲ್ಲದಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ ಮತ್ತೆ ನೋಡು. ಎಷ್ಟು ಸಲ ಎಂದು ಬರೆದೇ ಇರಲಿಲ್ಲ. ಬರೆದವನು ಅವನೇ. ಆ ಡಿಸ್ಕನ್ನು ಹಿಂದಿನ ಸಂಜೆ ಬೇರೊಬ್ಬ ಗಿರಾಕಿಗೆಂದು ಬಿಚ್ಚಿಕೊಂಡು ಹೋದವನೂ ಅವನೇ.

ನಾಚಿಕೆಯಿಂದ ಹಿಡಿಯಷ್ಟಾದ. ಆ ಸಾಲುಗಳನ್ನು ಓದಬಲ್ಲವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಹೇಳಿಬಿಡಬೇಕು ಅಂದುಕೊಂಡ, ಆದರೆ ಮೇಷ್ಟ್ರು ಇನ್ನೂ ಕೂತೇ ಇದ್ದರು. ಸಾಲುಗಳನ್ನು ಅಳಿಸಿದ. ಕಂಪ್ಯೂಟರ್ ಸರಿಹೋಯಿತು. ಅಣ್ಣ ಬೆನ್ನು ತಟ್ಟಿದ.

ಅಂಟಿನ ಕೈ ಒರೆಸಿಕೊಳ್ಳುತ್ತ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. "ನಾನು ಯಾವುದು ಒತ್ತಿದ್ದೆ, ತೋರಿಸಪ್ಪ. ಇನ್ನೊಂದ್ಸಲ ಒತ್ತಲ್ಲ."

ಆಗಲಾದರೂ ಹೇಳಬಹುದಿತ್ತು. ಪುಣ್ಯಾತ್ಮ ಬೆರಳು ಚಾಚಿ, ಮೂಲೆಯಲ್ಲಿದ್ದ, ಯಾರಿಗೂ ಬೇಡದ ಒಂದು ಕೀ ತೋರಿಸಿದ. ಅವಳು ಅದರ ಮೇಲೆ ಟೇಪಿನ ತುಂಡು ಅಂಟಿಸಿದಳು. ಇನ್ನು ಅದನ್ನು ಮುಟ್ಟುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟು ಕುರ್ಚಿ ಉಳಿಸಿಕೊಂಡಳು.

ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಅತ್ತಿಗೆಯ ಬೆರಳು ಮೊದಲಿನಂತೆ ಓಡಲೇ ಇಲ್ಲ. ಒಂದೊಂದು ಕೀ ಒತ್ತುವಾಗಲೂ ಅನುಮಾನ. ಬೆಳಿಗ್ಗೆ ಆನ್ ಮಾಡುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಕೆಲಸ ನಿಧಾನವಾಯಿತು. ಬೇರೆ ಟೈಪಿಸ್ಟನ್ನು ನೋಡುತ್ತೇನೆಂದು ಅಣ್ಣ ಮತ್ತೆ ಗೊಣಗತೊಡಗಿದ. ಅದನ್ನು ಕೇಳಿದ ಮೇಲೆ ಡಾಕ್ಟರಿಗೆ ಊಟ ಸೇರಲಿಲ್ಲ. ತನ್ನ ಮುಖ ತನಗೇ ನೋಡಲಾಗದಷ್ಟು ನಾಚಿಕೆ. ಕೊನೆಗೆ ಒಂದು ಮಧ್ಯಾಹ್ನ ಅಣ್ಣ ಅತ್ತಿಗೆ ಇಬ್ಬರ ಮುಂದೆಯೂ ನಿಂತು ಒಪ್ಪಿಕೊಂಡ: ಸ್ಕ್ರಿಪ್ಟ್ ತನ್ನದು, ಡಿಸ್ಕ್ ಬಿಚ್ಚಿದ್ದು ತಾನು, ಕೀ ತೋರಿಸಿದ್ದು ಶುದ್ಧ ಸುಳ್ಳು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಟೇಪು ಕೀಳಲು ಅವನು ಕೈ ಚಾಚಿದ. ಅತ್ತಿಗೆ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಬಿಡಪ್ಪ. ನನ್ನ ತಪ್ಪನ್ನ ನೀನ್ಯಾಕೆ ತಲೆ ಮೇಲೆ ಹಾಕ್ಕೋತೀಯ?" ಆಮೇಲೆ ಗಂಡನ ಕಡೆ ತಿರುಗಿದಳು. "ನೋಡಿದ್ರಾ, ನನ್ನ ಜಾಗ ಉಳಿಸೋಕೆ ಸುಳ್ಳು ಹೇಳೋ ಮಟ್ಟಕ್ಕೆ ಬಂದಿದಾನೆ."

ಅವಳು ಅಣಕಿಸುತ್ತಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಅಣ್ಣನಿಗೋ, ತಮ್ಮನನ್ನು ನಂಬದಿರುವುದೇ ಅನುಕೂಲವಾಗಿತ್ತು. ಅತ್ತಿಗೆ, ಆಣೆ ಮಾಡಿ ಹೇಳುತ್ತೇನೆ ಎಂದು ಅವನು ಗೋಗರೆದ.

"ಆಣೆ ಗೀಣೆ ಬೇಡ. ನನ್ನಿಂದ ನಿನಗೆ ಇಷ್ಟು ಸಂಕಟ ಯಾಕೆ? ನಾನೇ ಬಿಟ್ಟುಬಿಡ್ತೀನಿ," ಎಂದು ಅವಳು ಕುರ್ಚಿಯಿಂದ ಎದ್ದಳು. ಅಣ್ಣ ಬೇಡವೆನ್ನಲಿಲ್ಲ.