ಏಳುನೂರು ಲೀಟರ್ ಸಮುದ್ರ

ಚಳ್ಳಕೆರೆಯಲ್ಲಿ ಹವಳ ಅಂದರೆ ಅಕ್ಕಸಾಲಿಗರ ಅಂಗಡಿಯ ಕೆಂಪು ಮಣಿ. ಅದೊಂದು ಜೀವಿ, ಸಮುದ್ರದ ತಳದಲ್ಲಿ ಬದುಕುತ್ತದೆ ಎಂದು ನಾನು ಹತ್ತೊಂಬತ್ತು ವರ್ಷ ಪ್ರೌಢಶಾಲೆಯ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಪಾಠ ಮಾಡಿದ್ದೇನೆ. ನಾನು ಬಿಡಿಸುತ್ತಿದ್ದ ಚಿತ್ರ ಹೂಕೋಸಿನ ಹಾಗೆ ಕಾಣುತ್ತಿತ್ತು. ಅದು ನನಗೂ ಗೊತ್ತಿತ್ತು. ಒಮ್ಮೆ ತರಬೇತಿಗೆಂದು ಮಂಗಳೂರಿಗೆ ಹೋದಾಗ ಅಲ್ಲಿನ ಶಿಕ್ಷಕಿಯೊಬ್ಬರು ಮನೆಗೆ ಊಟಕ್ಕೆ ಕರೆದರು. ಅವರ ಮನೆಯ ಮೂಲೆಯಲ್ಲಿ ಎರಡಡಿಯ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು. ಕಲ್ಲಿನ ಮೇಲೆ ಹಸಿರು, ನೇರಳೆ ಬಣ್ಣದ ಹವಳಗಳು ನೀರಿನ ಸೆಳೆತಕ್ಕೆ ಮೆಲ್ಲಗೆ ಅಲುಗುತ್ತಿದ್ದವು. ಅವತ್ತು ಏನು ಬಡಿಸಿದರೆಂದು ಇವತ್ತಿಗೂ ನನಗೆ ನೆನಪಿಲ್ಲ.

ಊರಿಗೆ ಬಂದವಳೇ ಮನೆಯವರಿಗೆ ಹೇಳಿದೆ, ನಮ್ಮ ಹಾಲ್‌ನಲ್ಲಿ ಅಂಥದ್ದೊಂದು ಇಡಬೇಕು, ಆರಡಿ ಉದ್ದದ್ದು ಎಂದು.

ನನ್ನ ಗಂಡನದು ಬೋರ್‌ವೆಲ್ ಮೋಟಾರು, ಪೈಪುಗಳ ಅಂಗಡಿ. ಅವರು ಉದ್ದವನ್ನು ಕೈಯಲ್ಲಿ ಅಳೆದು ನೋಡಿ, "ಆರಡೀನಾ? ಅದರಾಗೆ ನಾನೇ ಮಲಗಬೋದಲ್ಲೇ" ಎಂದರು.

ತೊಟ್ಟಿ ದೊಡ್ಡದಾದಷ್ಟೂ ಅದರ ನೀರು ಬೇಗ ಕೆಡುವುದಿಲ್ಲ, ಬೇಗ ಕಾಯುವುದಿಲ್ಲ, ನಮ್ಮ ಊರಿನ ಬಿಸಿಲಿಗೆ ಚಿಕ್ಕದು ಒಂದು ದಿನವೂ ಬಾಳುವುದಿಲ್ಲ ಎಂದು ನಾನು ವಿವರಿಸಿದೆ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟುಕೊಂಡು, ಒಂದು ವರ್ಷ ಕೂತು ಓದಿ, ವಿಡಿಯೋ ನೋಡಿ ಎಲ್ಲವನ್ನೂ ಬರೆದಿಟ್ಟೆ. ಗಾಜು ಎಷ್ಟು ದಪ್ಪ, ನೀರು ಎಷ್ಟು, ಯಾವ ಪಂಪು, ಯಾವ ದೀಪ. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು. ಪುಸ್ತಕದಿಂದ ಹೊರಗೆ ಬಂದ ಕೂಡಲೇ ಒಂದೂ ಸರಿ ಬರಲಿಲ್ಲ.

ಮೊದಲನೆಯದು ನೆಲ. ಏಳುನೂರು ಲೀಟರ್ ನೀರು, ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಎಲ್ಲ ಸೇರಿ ಒಂದು ಟನ್ ಹತ್ತಿರ ಬರುತ್ತದೆ. ಸ್ಟ್ಯಾಂಡ್ ಒಂದು ಕೂದಲೆಳೆಯಷ್ಟೂ ಓರೆಯಾಗಬಾರದು. ವೆಲ್ಡಿಂಗ್ ಅಂಗಡಿಯವರು ತಂದಿಟ್ಟ ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಒಂದು ಕಡೆಗೇ ಓಡಿತು. "ಸ್ಟ್ಯಾಂಡ್ ಸರಿಗೈತ್ರಿ, ನಿಮ್ಮ ಮನೆಯೇ ಓರೆ" ಎಂದರು ಅವರು. ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಹಾಲ್ ತೊಳೆದ ನೀರು ಬಾಗಿಲ ಕಡೆ ಹರಿಯಲೆಂದು ಮೇಸ್ತ್ರಿ ಮನೆ ಕಟ್ಟುವಾಗಲೇ ನೆಲಕ್ಕೆ ವಾಟ ಕೊಟ್ಟಿದ್ದ. ಇಪ್ಪತ್ತು ವರ್ಷ ಆ ಇಳಿಜಾರಿನ ಮೇಲೆ ಓಡಾಡಿದ್ದೆ, ಒಂದು ದಿನವೂ ಗಮನಿಸಿರಲಿಲ್ಲ. ಸ್ಟ್ಯಾಂಡಿನ ಎರಡು ಕಾಲು ಕತ್ತರಿಸಿ, ಮತ್ತೆ ಬೆಸೆದು, ಮತ್ತೆ ಕತ್ತರಿಸಿ ಸಮ ಮಾಡಲು ಮೂರು ಭಾನುವಾರ ಹಿಡಿಯಿತು.

ಎರಡನೆಯದು ನೀರು. ಇದರಲ್ಲಿ ನನ್ನ ಅತ್ತೆಯೂ ತಲೆಹಾಕಿದರು. ಅವರು ಮೊಳಕಾಲ್ಮೂರು ಕಡೆಯ ಕೊಂಡ್ಲಹಳ್ಳಿಯವರು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು, ನಮ್ಮ ಜೊತೆಯಲ್ಲೇ ಇರುವವರು. ಹವಳಕ್ಕೆ ಬೇಕಾದ ನೀರಿನಲ್ಲಿ ನಮ್ಮ ಬೋರಿನ ಲವಣಗಳು ಒಂದು ಚೂರೂ ಇರಬಾರದು. ಹಾಗಾಗಿ ಶುದ್ಧೀಕರಣದ ಯಂತ್ರ ಕೂರಿಸಿದೆ. ಅದು ಒಂದು ಬಕೆಟ್ ಒಳ್ಳೆಯ ನೀರು ಕೊಡುವಷ್ಟರಲ್ಲಿ ಮೂರು ಬಕೆಟ್ ಹೊರಗೆ ಚೆಲ್ಲುತ್ತಿತ್ತು. ಚೆಲ್ಲಿದ್ದನ್ನೆಲ್ಲ ಡ್ರಮ್ಮಿಗೆ ಹಿಡಿದು ಪಾತ್ರೆ, ಬಟ್ಟೆ, ನೆಲ ಎಲ್ಲದಕ್ಕೂ ಬಳಸಿದೆವು. ಆದರೂ ಅತ್ತೆ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತು ಅದನ್ನು ದುರುಗುಟ್ಟಿ ನೋಡುತ್ತಿದ್ದರು.

"ಏನಮ್ಮಾ ಇದು, ನೀರಿಂದ ಏನು ತೆಗೀತೈತೆ?"

"ಉಪ್ಪಿನಂಶ ತೆಗೆಯುತ್ತೆ, ಅತ್ತೆ."

"ತೆಗೆದ ಮ್ಯಾಲೆ?"

"ಆಮೇಲೆ ಉಪ್ಪು ಹಾಕ್ತೀವಿ."

ಅತ್ತೆ ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಂತರ ಮಗನನ್ನು ಕರೆದು, "ಅಯ್ಯೋ ದೇವುಡಾ, ಇವಳಿಗೆ ಒಂಚೂರು ರಜೆ ಕೊಡ್ಸೋ. ಮೇಷ್ಟ್ರಿಕೆ ಮಾಡಿ ಮಾಡಿ ತಲೆ ಬಿಸಿ ಆಗೈತೆ" ಎಂದರು.

ನನ್ನ ಗಂಡ ತಮ್ಮ ಪಾಲಿನ ಸಹಾಯ ಮಾಡಲು ಎರಡು ಮೂಟೆ ಕಲ್ಲುಪ್ಪು ತಂದಿಳಿಸಿದರು. ಅಡುಗೆ ಉಪ್ಪು ಸಾಲದು, ಸುಣ್ಣದಂಶ, ಮೆಗ್ನೀಸಿಯಂ ಎಲ್ಲ ಸೇರಿದ ಬೇರೆ ಉಪ್ಪೇ ಬೇಕು ಎಂದೆ. "ಇದೂ ಸಮುದ್ರದ್ದೇ ಅಲ್ವೇನೇ?" ಎಂದು ಅವರಿಗೆ ಬೇಸರವಾಯಿತು. ಆಮೇಲೆ ಅಂಗಡಿಯಿಂದ ಒಂದು ಪಂಪು ತಂದು, "ಇದು ಐನೂರು ಅಡಿಯಿಂದ ಎತ್ತತೈತೆ, ನಿನ್ನ ತೊಟ್ಟಿ ಯಾವ ಲೆಕ್ಕ" ಎಂದರು. ಅದನ್ನು ಹಾಕಿದ್ದರೆ ಮೀನುಗಳು ಸೂರಿಗೆ ಅಂಟಿಕೊಳ್ಳುತ್ತಿದ್ದವು. ಅದನ್ನೂ ಹೇಳಿದೆ. ಅವರು ಪಂಪನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ವಾಪಸು ಹೋದರು.

ನಂತರ ಕಲ್ಲು. ಸಮುದ್ರದಿಂದ ಹವಳದ ಕಲ್ಲು ಕಿತ್ತು ತರುವುದು ಅಪರಾಧ, ತರಲೂಬಾರದು. ಹಾಗಾಗಿ ತೊಟ್ಟಿಗಳಿಗೆಂದೇ ತಯಾರಿಸುವ ಸಣ್ಣ ರಂಧ್ರಗಳ ಕಲ್ಲು ತರಿಸಿದೆ. ನೀರು ತುಂಬಿಸಿ, ಉಪ್ಪು ಕರಗಿಸಿ, ಕಲ್ಲು ಜೋಡಿಸಿದ ಮೇಲೆ ಒಂದೂವರೆ ತಿಂಗಳು ಕಾಯಬೇಕು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಆ ಕಲ್ಲಿನಲ್ಲಿ ಬೆಳೆದ ಮೇಲೆಯೇ ಬೇರೆ ಜೀವ ಬಿಡಬೇಕು. ಅಷ್ಟು ದಿನವೂ ಬೀದಿಯವರು, ನೆಂಟರು, ಶಾಲೆಯವರು ಸಮುದ್ರ ನೋಡಲು ಬಂದರು. ಬಂದವರಿಗೆಲ್ಲ ಚಹಾ. ಎಲ್ಲರೂ ಮೀನೆಲ್ಲಿ ಎಂದು ಕೇಳುವುದು, ನಾನು ಸೂಕ್ಷ್ಮಜೀವಿಗಳ ಪಾಠ ಮಾಡುವುದು. ಕೊಂಡ್ಲಹಳ್ಳಿಯಿಂದ ಬಂದ ಅತ್ತೆಯ ತಂಗಿ ಪಾಠ ಪೂರ್ತಿ ಕೇಳಿಸಿಕೊಂಡು, "ಕಲ್ಲು ನೋಡಾಕೆ ಇಷ್ಟು ದೂರ ಬಂದ್ನಾ? ನಮ್ಮ ಮೊಳಕಾಲ್ಮೂರಾಗೆ ಇರೋದೆಲ್ಲ ಕಲ್ಲೇ" ಎಂದರು.

ಅಷ್ಟರಲ್ಲಿ ಏಪ್ರಿಲ್ ಬಂತು. ತೊಟ್ಟಿಯ ನೀರು ಇಪ್ಪತ್ತಾರು ಡಿಗ್ರಿ ಇರಬೇಕಿತ್ತು, ಮೂವತ್ತನಾಲ್ಕು ದಾಟಿತು. ನೀರು ತಂಪು ಮಾಡುವ ಯಂತ್ರ ಬೇಕೇ ಬೇಕು. ಹೊರಗಿನಿಂದ ತರಿಸಲು ಹೋದರೆ ನಮ್ಮ ತೊಟ್ಟಿಗೆ ಆಗುವಷ್ಟು ದೊಡ್ಡದು ಯಾವಾಗ ಬರುತ್ತದೋ ಹೇಳಲಾಗದು ಎಂದರು ಮಾರುವವರು. ಆಗ ಮನೆಯವರು ಊರಿನ ಫ್ರಿಜ್ ಮೆಕ್ಯಾನಿಕ್ ಒಬ್ಬರನ್ನು ಕರೆತಂದರು. ಐವತ್ತು ದಾಟಿದವರು, ಮನೆಯಲ್ಲಿ ಉರ್ದು, ಹೊರಗೆ ಚಳ್ಳಕೆರೆ ಕನ್ನಡ. ಸುತ್ತಮುತ್ತಲ ಹಳ್ಳಿಯ ಹಾಲಿನ ಡೈರಿಗಳ ಕೂಲರ್ ಕೆಟ್ಟರೆ ಅವರೇ ಹೋಗಬೇಕು.

"ಹಾಲನ್ನೇ ನಾಲ್ಕು ಡಿಗ್ರಿಗೆ ಇಳಿಸ್ತೀನಿ ಮೇಡಂ. ಇಪ್ಪತ್ತಾರು ಅಂದ್ರೆ ಏನು ಮಹಾ? ನೀವು ಫಿಕರ್ ಮಾಡಬ್ಯಾಡ್ರಿ."

ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ನೀರಿನೊಳಗೆ ಇಳಿಸುವ ತಂಪು ಕೊಳವೆಯ ಸುರುಳಿ ಟೈಟಾನಿಯಂ ಲೋಹದ್ದೇ ಆಗಬೇಕು. ಅದರ ಕೆಳಗೆ ಎರಡು ಗೆರೆ ಎಳೆದೆ. ಅವರು ಚೀಟಿಯನ್ನು ಜೇಬಿಗಿಟ್ಟುಕೊಂಡರು. ಮರುದಿನ ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಚಿತ್ರದುರ್ಗಕ್ಕೆ ಹೋದೆ.

ಹತ್ತು ದಿನ ಬಿಟ್ಟು ಬಂದಾಗ ಹಾಲ್‌ನ ಮೂಲೆಯಲ್ಲಿ ಹಳೆಯ ಎ.ಸಿ.ಯೊಂದರ ಒಡಲಿನಿಂದ ಕಟ್ಟಿದ ಯಂತ್ರ ಗುಂಯ್ ಎನ್ನುತ್ತಿತ್ತು. ಥರ್ಮಾಮೀಟರ್ ಇಪ್ಪತ್ತಾರು ತೋರಿಸುತ್ತಿತ್ತು. ಸುರುಳಿ ತೊಟ್ಟಿಯ ಕೆಳಗೆ ನೀರು ಸೋಸಿ ಮತ್ತೆ ಮೇಲಕ್ಕೆ ಕಳಿಸುವ ಪೆಟ್ಟಿಗೆಯೊಳಗೆ, ದಪ್ಪ ಬಿಳಿ ಪೈಪಿನ ಒಳಗಿತ್ತು. ಅದನ್ನು ಎತ್ತಿ ನೋಡಬೇಕೆಂದು ನನಗೆ ತೋಚಲಿಲ್ಲ. ಅಂಕೆ ನೋಡಿಯೇ ಅಷ್ಟು ಖುಷಿಯಾಗಿತ್ತು. ಅದೇ ವಾರ ಬಸ್ಸಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಬಂತು: ಎಂಟು ಬಸವನಹುಳು, ನಾಲ್ಕು ಪುಟ್ಟ ಏಡಿ, ತೊಟ್ಟಿಯಲ್ಲೇ ಸಾಕಿ ಬೆಳೆಸಿದ ಮೆದು ಹವಳದ ಎರಡು ತುಂಡು. ಗಡಿಯಾರ ನೋಡಿಕೊಂಡು, ತೊಟ್ಟಿಯ ನೀರಿಗೆ ಹೊಂದಿಸಿ, ಒಂದೊಂದಾಗಿ ಬಿಟ್ಟೆ.

ಮಾರನೆಯ ದಿನ ಬಸವನಹುಳುಗಳು ಅಂಗಾತ ಬಿದ್ದಿದ್ದವು. ಅದರ ಮಾರನೆಯ ದಿನ ಏಡಿಗಳು. ಹವಳಗಳು ಬಿಚ್ಚಿಕೊಳ್ಳಲೇ ಇಲ್ಲ, ಕರಗಿ ಲೋಳೆಯಾದವು. ನನ್ನ ಹತ್ತಿರ ಇದ್ದ ಎಲ್ಲ ಪರೀಕ್ಷೆ ಮಾಡಿದೆ. ಉಪ್ಪು ಸರಿ, ಅಮೋನಿಯಾ ಇಲ್ಲ, ಬಿಸಿ ಸರಿ. ಮೂರನೆಯ ದಿನ ಕೆಳಗಿನ ಪೆಟ್ಟಿಗೆ ತೊಳೆಯಲು ಕೂತವಳು ಆ ಬಿಳಿ ಪೈಪನ್ನು ಎತ್ತಿದೆ. ಒಳಗೆ ಹಸಿರುಗಟ್ಟಿದ ತಾಮ್ರದ ಸುರುಳಿ.

ಉಪ್ಪುನೀರಿನಲ್ಲಿ ತಾಮ್ರ ಕರಗುತ್ತದೆ. ಒಂದು ಚಿಟಿಕೆ ಕರಗಿದರೂ ಸಾಕು, ಹವಳ, ಏಡಿ, ಹುಳು ಯಾವುದೂ ಉಳಿಯುವುದಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಅರ್ಧ ಗಂಟೆಯಲ್ಲಿ ಬಂದರು.

"ಚೀಟಿಯಲ್ಲಿ ಬರೆದುಕೊಟ್ಟಿರಲಿಲ್ವಾ?"

"ಬರೆದಿದ್ರಿ ಮೇಡಂ. ಈ ಕಡೆ ಅದು ಎಲ್ಲೂ ಸಿಗಲಿಲ್ಲ. ಸಾಬ್‌ನ ಕೇಳಿದೆ, ನಿಮಗೆ ಗೊತ್ತಿರೋದು ಮಾಡ್ರಿ ಅಂದ್ರು. ತಾಮ್ರಕ್ಕಿಂತ ಒಳ್ಳೇದು ಏನೈತ್ರಿ? ಅಜ್ಜಿನೂ ದಿನಾ ತಾಮ್ರದ ಚೊಂಬಾಗೇ ನೀರು ಕುಡೀತಾರೆ."

"ಹೌದಪ್ಪ, ಅರವತ್ತು ವರ್ಷದಿಂದ ಕುಡೀತಿದೀನಿ, ನಂಗೇನಾಗೈತೆ?" ಎಂದರು ಅತ್ತೆ ಒಳಗಿನಿಂದ.

ಸಾಬ್ ಅನ್ನಿಸಿಕೊಂಡ ನನ್ನ ಗಂಡ ಅಂಗಡಿ ತೆರೆಯುವ ಹೊತ್ತಾಯಿತೆಂದು ಚಪ್ಪಲಿ ಹುಡುಕುತ್ತಿದ್ದರು.

ನಾನು ಕೂಗಾಡಿದೆ. ಮೂವರ ಮೇಲೂ, ಒಂದೇ ಸಮನೆ. ಓದಿದವರು ಬರೆದುಕೊಟ್ಟರೆ ನಿಮಗೆ ಲೆಕ್ಕಕ್ಕಿಲ್ಲ ಎಂದೂ ಅಂದುಬಿಟ್ಟೆ. ಮೆಕ್ಯಾನಿಕ್ ತಲೆ ತಗ್ಗಿಸಿ ನಿಂತಿದ್ದರು. ಕೊನೆಗೆ, "ತಪ್ಪಾಯ್ತು ಮೇಡಂ. ಆದ್ರೆ ಯಾಕೆ ಬ್ಯಾಡ ಅಂತ ನೀವು ಚೀಟ್ಯಾಗೆ ಬರೆದಿರಲಿಲ್ಲ" ಎಂದರು. ಆ ಮಾತು ನನಗೆ ಇನ್ನೂ ಸಿಟ್ಟು ತರಿಸಿತು. ಅವರು ಹೇಳಿದ್ದು ನಿಜ, ಅದಕ್ಕೇ.

ನೀರೆಲ್ಲ ಚೆಲ್ಲಬೇಕಾಯಿತು. ತಾಮ್ರ ಹೀರಿದ ಕಲ್ಲುಗಳೂ ಹೋದವು. ಉಪ್ಪುನೀರನ್ನು ಗಿಡಕ್ಕೆ ಹಾಕುವ ಹಾಗಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ, ಈ ಸಲ ಕಾರಣ ಸಮೇತ. ಆದರೂ ಅತ್ತೆಗೆ ಮನಸ್ಸು ತಡೆಯಲಿಲ್ಲ. ಅಷ್ಟು ನೀರು ಚರಂಡಿಗೆ ಹೋಗುವುದನ್ನು ನೋಡಲಾಗದೆ ಎರಡು ಬಕೆಟ್ ತಮ್ಮ ಕರಿಬೇವಿನ ಬುಡಕ್ಕೆ ಸುರಿದರು. ಹದಿನೈದು ದಿನದಲ್ಲಿ ಅದು ಎಲೆಯೆಲ್ಲ ಉದುರಿಸಿಕೊಂಡು ಕಡ್ಡಿಯಾಯಿತು. "ನಿನ್ನ ಸಮುದ್ರ ನನ್ನ ಗಿಡ ತಿಂತು" ಎಂದು ಒಂದು ತಿಂಗಳು ಸಾರಿಗೆ ಒಗ್ಗರಣೆ ಹಾಕುವಾಗಲೆಲ್ಲ ಹೇಳಿದರು.

ಸಾಕು ಎಂದು ನಿರ್ಧರಿಸಿದೆ. ತೊಟ್ಟಿ ಮಾರುವುದಾಗಿ ನಾಲ್ಕು ಕಡೆ ಹೇಳಿಟ್ಟೆ. ಚಳ್ಳಕೆರೆಯಲ್ಲಿ ಆರಡಿ ತೊಟ್ಟಿ ಯಾರಿಗೆ ಬೇಕು? ಒಬ್ಬರು ಬಂದು ಮಿಠಾಯಿ ಅಂಗಡಿಗೆ ಆಗುತ್ತದೆಯೇ ಎಂದು ಅಳೆದು ನೋಡಿ, ಬಾಗಿಲಿಲ್ಲವಲ್ಲ ಎಂದು ಹೋದರು. ಆಮೇಲೆ ಅತ್ತೆ ಅದರೊಳಗೆ ಕಂಬಳಿ, ಹಾಸಿಗೆ ಮಡಚಿ ಇಟ್ಟರು. ಶಾಲೆಯಿಂದ ಬಂದು ಚೀಲ ಇಳಿಸುವಾಗ ದಿನವೂ ದಪ್ಪ ಗಾಜಿನ ಹಿಂದೆ ಕಂಬಳಿಗಳು ಕಾಣುತ್ತಿದ್ದವು. ಶಾಲೆಯ ಮಕ್ಕಳಿಗೆ ಏನು ಹೇಳಲಿ ಎಂಬುದೇ ದೊಡ್ಡ ಸಂಕಟ. ಸಮುದ್ರ ಏನಾಯಿತು ಎಂದು ಅವರು ದಿನವೂ ಕೇಳುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದರು. ನಾನು ಕರೆದಿರಲಿಲ್ಲ. ಕೈಯಲ್ಲಿ ಎರಡು ಉಪ್ಪಿನಕಾಯಿ ಜಾಡಿ, ಹೆಗಲಲ್ಲಿ ಗೋಣಿಚೀಲ. ಜಾಡಿಗಳನ್ನು ಟೀಪಾಯಿ ಮೇಲೆ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ನೀರು. ಒಂದರಲ್ಲಿ ತಾಮ್ರದ ತುಂಡು, ನೀರು ಹಸಿರಾಗಿತ್ತು. ಇನ್ನೊಂದರಲ್ಲಿ ಬೂದು ಬಣ್ಣದ ಕೊಳವೆಯ ತುಂಡು, ನೀರು ಸ್ವಚ್ಛವಾಗಿತ್ತು.

"ಸಾಬ್ ಹತ್ರ ನಿಮ್ಮ ಉಪ್ಪು ಒಂದು ಹಿಡಿ ಇಸ್ಕೊಂಡಿದ್ದೆ ಮೇಡಂ. ನಲವತ್ತು ದಿನ ಅಂಗಡಿಯಾಗೆ ಇಟ್ಟಿದ್ದೆ. ಬಿಸಿಲಾಗೂ ಇಟ್ಟೆ, ನೆಳ್ಳಾಗೂ ಇಟ್ಟೆ. ನೋಡ್ರಿ."

ಚೀಲದಿಂದ ಒಂದು ದೊಡ್ಡ ಬೂದು ಸುರುಳಿ ತೆಗೆದರು. ಅವರ ಭಾಮೈದ ಚೆನ್ನೈನಲ್ಲಿದ್ದಾನಂತೆ. ಅವನನ್ನು ಗುಜರಿಯಿಂದ ಗುಜರಿಗೆ ಓಡಿಸಿ, ಮೀನಿನ ಕಾರ್ಖಾನೆಯೊಂದರ ಹಳೆಯ ಯಂತ್ರದಿಂದ ಅದನ್ನು ಬಿಚ್ಚಿಸಿ ತರಿಸಿದ್ದರು. ಅದು ಟೈಟಾನಿಯಂ ಹೌದೋ ಅಲ್ಲವೋ ಎಂದು ನಂಬಿಕೆ ಬಾರದೆ ತುದಿಯ ತುಂಡು ಕತ್ತರಿಸಿ ಜಾಡಿಗೆ ಹಾಕಿದ್ದರು.

ನಾನು ಹತ್ತೊಂಬತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸಿ ನೋಡಬೇಕು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ನನ್ನ ಮನೆಯ ತೊಟ್ಟಿಗೆ ಅದನ್ನು ಮಾಡಿದವರು ಇವರು. ಚಹಾ ಮಾಡಲೆಂದು ಒಳಗೆ ಹೋದೆ, ಸಕ್ಕರೆ ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕಿದೆ. ಹೊರಗೆ ಬಂದು, "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದೆ.

"ಬಿಡ್ರಿ ಮೇಡಂ, ನಮ್ಮ ಮನೆಯಾಗೆ ಇದಕ್ಕಿಂತ ಜೋರು" ಎಂದು ಅವರು ಆ ಚಹಾ ಪೂರ್ತಿ ಕುಡಿದರು.

ಕಂಬಳಿಗಳು ಹೊರಬಂದವು, ಯಂತ್ರಕ್ಕೆ ಬೂದು ಸುರುಳಿ ಕೂತಿತು. ಮತ್ತೆ ನೀರು, ಉಪ್ಪು, ಹೊಸ ಕಲ್ಲು, ಮತ್ತೆ ಒಂದೂವರೆ ತಿಂಗಳು. ಈ ಸಲ ಮೊದಲು ಎರಡೇ ಬಸವನಹುಳು ಬಿಟ್ಟೆ. ಅವು ಗಾಜಿನ ಮೇಲಿನ ಪಾಚಿ ತಿನ್ನುತ್ತ ಓಡಾಡಿದವು. ಹದಿನೈದು ದಿನ ಬಿಟ್ಟು ಮೆದು ಹವಳದ ಒಂದು ತುಂಡು. ಅದು ನಾಲ್ಕು ದಿನ ಮುಷ್ಟಿಯ ಹಾಗೆ ಮುಚ್ಚಿಕೊಂಡೇ ಇತ್ತು. ಐದನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನೋಡಿದರೆ ಪೂರ್ತಿ ಬಿಚ್ಚಿಕೊಂಡಿತ್ತು, ಹಸಿರು ಅಂಚು, ನಡುವೆ ಕೇಸರಿ. ಅವತ್ತು ಅರ್ಧ ದಿನ ರಜೆ ಹಾಕಿದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೇಗ ಬನ್ನಿ ಎಂದೆ.

ಅವರು ಬಂದವರು ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮೂಲೆಗೆ ಹೋಗಿ ಯಂತ್ರದ ಮೇಲೆ ಕೈಯಿಟ್ಟು ಕಿವಿಗೊಟ್ಟರು. "ಸೌಂಡ್ ಯಾಕೋ ಸರಿಗಿಲ್ಲ ಮೇಡಂ" ಎಂದು ಸ್ಕ್ರೂ ಬಿಚ್ಚತೊಡಗಿದರು.

"ಹವಳ ನೋಡ್ರಿ ಅಂತ ಕರೆದಿದ್ದು!"

"ಹತ್ತು ನಿಮಿಷ, ಹತ್ತೇ ನಿಮಿಷ."

ಎರಡು ಗಂಟೆ ಹಿಡಿಯಿತು. ಫ್ಯಾನಿನ ಒಂದು ರಬ್ಬರ್ ಸವೆದಿತ್ತಂತೆ. ಅಷ್ಟು ಹೊತ್ತೂ ನಾನು ಥರ್ಮಾಮೀಟರ್ ಹಿಡಿದು ಏರುತ್ತಿದ್ದ ಅಂಕೆ ನೋಡುತ್ತ ಬೈಯುತ್ತಲೇ ಇದ್ದೆ. ಯಂತ್ರ ಮತ್ತೆ ಶುರುವಾದ ಮೇಲೆ ಅವರು ಕೈ ಒರೆಸಿಕೊಂಡು ಬಂದು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅತ್ತೆಯೂ ಕುರ್ಚಿ ಎಳೆದುಕೊಂಡರು.

"ಇದೇನಾ ಮೇಡಂ? ಹೂವಿನಂಗೈತೆ. ಇದಕ್ಕೆ ಬಾಯಿ ಎಲ್ಲೈತೆ?"

ನಾನು ಅವರ ಪಕ್ಕ ನೆಲದ ಮೇಲೆ ಕೂತು ಬೆರಳಿಟ್ಟು ತೋರಿಸಿದೆ.