ಒಗೆಯುವ ಕಲ್ಲಿನ ಕೆಳಮೈ

ಮಾರ್ತಮ್ಮ, ನಿಮ್ಮ ತಾಯಿಯ ಗೋರಿಕಲ್ಲು ನಮ್ಮ ಹಿತ್ತಲಲ್ಲೇ ಇತ್ತು. ನೀವು ಕೇಳಿದ ದಿನ ಇಲ್ಲವೆಂದೆ — ತಿಳಿದೇ ಅಂದೆ.

ಆ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ರೊಟ್ಟಿ ಬಡಿದು, ಅತ್ತೆಯವರ ಮಡಿಸೀರೆಯನ್ನು ಹಿತ್ತಲ ಕಲ್ಲಿನ ಮೇಲೆ ಒಗೆದೆ. ಬಿದ್ದುಹೋದ ಚರ್ಚಿನ ಅಂಗಳದಿಂದ ಮಾವನವರು ಚಕ್ಕಡಿಯಲ್ಲಿ ತಂದ ಕಲ್ಲು ಅದು. ಪಾಳು ಜಾಗದ ಕಲ್ಲಿಗೆ ನಮ್ಮ ಗಂಗಾವತಿಯಲ್ಲಿ ಯಾರ ಅಪ್ಪಣೆ ಬೇಕಿತ್ತು? ಹಿಂದಿನ ವಾರ ನಳದ ಪೈಪು ಹಾಕಲು ಅದನ್ನು ಎತ್ತಿಸಿದಾಗ ಕೆಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳು ಕಂಡವು. ಮನೆಯಲ್ಲಿ ಅವನ್ನು ಓದಬಲ್ಲವಳು ಕಾನ್ವೆಂಟಿನಲ್ಲಿ ಕಲಿತ ನಾನೊಬ್ಬಳೇ. ‘ರೂತ್, ಮಾರ್ತಳ ತಾಯಿ.’ ಓದಿದೆ. ಮತ್ತೆ ಮಗುಚಿ ಹಾಕಿಸಿದೆ.

ಆ ಚರ್ಚಿನ ಮುಂದಿನ ಚೌಕ ಅಗಲವಾಗುತ್ತಿತ್ತು, ಅದಕ್ಕಾಗಿ ಅಂಗಳದ ಗೋರಿಗಳನ್ನು ತೆರವು ಮಾಡಬೇಕಿತ್ತು. ಪ್ರಾಚ್ಯವಸ್ತು ಇಲಾಖೆಯವರು ಹಳೆಯ ಗೋರಿಗಳ ಸುತ್ತ ದಾರ ಕಟ್ಟಿ, ಕುಂಚದಿಂದ ಮಣ್ಣು ಸರಿಸುತ್ತಿದ್ದರು. ಹೆಸರಿದ್ದವರ ಎಲುಬು ಹೊಸ ಸ್ಮಶಾನದಲ್ಲಿ ಬೇರೆ ಬೇರೆ ಗುಣಿಗೆ. ಗುರುತಿಲ್ಲದವರೆಲ್ಲ ಒಂದೇ ಗುಣಿಗೆ. ಅಂದೇ ಕೊನೆಯ ದಿನ.

ಹತ್ತು ಗಂಟೆಗೆ ನೀವು ಬಂದಿರಿ — ನನ್ನ ಎರಡೂ ಹೆರಿಗೆ ಮಾಡಿಸಿದ ನರ್ಸಬಾಯಿ.

“ಅಕ್ಕಾರ, ಒಂದು ಗೋರಿ ಗಾರ್‍ಯಾಗ ಕಲ್ಲಿನ ಮುರಕ ಮೂಲಿ ಸಿಕ್ಕೈತ್ರಿ. ಅದಕ್ಕ ಹೊಂದೋ ಕಲ್ಲು ಸಿಕ್ಕರ ಅದು ನಮ್ಮವ್ವನ ಗೋರಿ ಹೌದೋ ಅಲ್ಲೋ ಗೊತ್ತಾಕ್ಕೈತಿ. ಎಲ್ಲ್ಯಾರ ಕಂಡೀರೇನ್ರಿ?”

ಒಳಗೆ ಅತ್ತೆಯವರ ಪೂಜೆಯ ಗಂಟೆ ಕೇಳುತ್ತಿತ್ತು. ಎಂಟು ವರ್ಷ ಮಡಿಬಟ್ಟೆ ಗೋರಿಕಲ್ಲಿನ ಮೇಲೆ ಒಗೆದದ್ದು ಅವರಿಗೆ ತಿಳಿದರೆ — ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

“ಹಡಿಯೋವಾಗ ಓಣಿಗೆಲ್ಲ ಕೇಳೋಹಂಗ ಚೀರಿದ್ರಿ, ಇವತ್ತ್ಯಾಕ ಬಾಯಿ ಬಿಡವಲ್ರಿ?” ಎಂದು ನಕ್ಕಿರಿ.

“ಇಲ್ಲ ಮಾರ್ತಮ್ಮ, ನಾ ಕಂಡಿಲ್ಲ.”

ಸಂಜೆಯ ಹೊತ್ತಿಗೆ ನಿಮ್ಮ ತಾಯಿ ಗುರುತಿಲ್ಲದವರ ಗುಣಿ ಸೇರಿದ್ದರು.

ನಿನ್ನೆ ಅತ್ತೆಯವರಿಗೆ ಎಲ್ಲ ಹೇಳಿದೆ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಬಿಡಲಿ. ಕಲ್ಲನ್ನು ತೊಳೆಸಿ ಅಕ್ಷರ ಮೇಲೆ ಮಾಡಿ ಇಟ್ಟಿದ್ದೇನೆ. ನಾಳೆ ಚಕ್ಕಡಿಯಲ್ಲಿ ಆ ಗುಣಿಯ ಬಳಿಗೆ ಒಯ್ಯುತ್ತೇನೆ. ಕೊಪ್ಪಳದಲ್ಲಿ ನೀವೀಗ ಇರುವ ಮಗಳ ಮನೆಯಿಂದ ಬನ್ನಿ, ಬಾರದಿರಿ — ನಿಮ್ಮಿಷ್ಟ. ಕ್ಷಮೆ ಕೇಳುವುದಿಲ್ಲ. ಕಲ್ಲು ಸಿಕ್ಕರೂ ತಾಯಿ ಇನ್ನು ಬೇರೆಯಾಗಿ ಸಿಗುವುದಿಲ್ಲವೆಂದು ನನಗೆ ಗೊತ್ತು.

ಆ ಸಂಜೆಯ ಒಂದು ಮಾತು ಮಾತ್ರ ನಿಮಗೆ ತಿಳಿದಿರಲಿ. ಪಕ್ಕದ ಮನೆಯ ಶಾಂತಕ್ಕ ಕೊಡ ತುಂಬಿಕೊಳ್ಳಲು ನಮ್ಮ ನಳಕ್ಕೆ ಬಂದವಳು, ಕಲ್ಲನ್ನು ನೋಡಿ ಅಂದಳು:

“ಇದರ ಮೂಲಿ ಮುರಿದದ್ದೂ ಛಲೋನ ಆಗೇತಿ ನೋಡ್ರಿ, ಬಟ್ಟಿಗೆ ಹಚ್ಚೋ ಸಬಕಾರ ಇಡಾಕ ಜಾಗಾ ಆತು.”